ದೊಡ್ಡ ಮಳೆಗೆ ಬಾರದ ಹಳ್ಳ

ಕಳೆದ ಗುರುವಾರ ನನ್ನ ಅತ್ತೆಯವರು ನನ್ನ ಹಣೆಗೆ ಗುರಿಯಿಟ್ಟು ಒಂದು ಶೇಂಗಾ ಉಂಡಿ ಒಗೆದರು.

ಒಗೆದದ್ದು ನಿಜ, ತಾಗಿದ್ದೂ ನಿಜ. ಗುರಿ ಮಾತ್ರ ನಾನಾಗಿರಲಿಲ್ಲ ಎಂದು ಅವರು ಇಂದಿಗೂ ವಾದಿಸುತ್ತಾರೆ. ಅವರು ಒಗೆದದ್ದು ನನ್ನ ಹೆಂಡತಿ ನೀಲಮ್ಮನ ಉಡಿಗಂತೆ. ನಡುವೆ ಹಳ್ಳ ತುಂಬಿ ಹರಿಯುತ್ತಿತ್ತು, ಗಾಳಿ ಬೀಸುತ್ತಿತ್ತು, ಅಳಿಯ ಅಡ್ಡ ಬಂದ. (ಅಳಿಯ ಅಡ್ಡ ಬರುವುದು ಹೊಸದೇನಲ್ಲ ಎಂದೂ ಸೇರಿಸುತ್ತಾರೆ.)

ಉಂಡಿ ಗಟ್ಟಿಯಾಗಿತ್ತು. ಹಣೆ ಇನ್ನೂ ಊದಿಕೊಂಡಿದೆ. ಆದರೂ ಈ ವಾರ ಇಡೀ ಹುಮನಾಬಾದಿನಲ್ಲಿ ನನ್ನಷ್ಟು ಖುಷಿಯಲ್ಲಿರುವ ಮನುಷ್ಯ ಇನ್ನೊಬ್ಬ ಸಿಗಲಾರ. ಯಾಕೆ ಎಂದು ಹೇಳುತ್ತೇನೆ. ಸ್ವಲ್ಪ ಹಿಂದಿನಿಂದ ಹೇಳಬೇಕು, ಯಾಕೆಂದರೆ ಇದು ಮಳೆಯ ಕಥೆ.

ನನ್ನ ಬಟ್ಟೆ ಅಂಗಡಿ, ನನ್ನ ಮನೆ, ನನ್ನ ಅವ್ವ, ಎಲ್ಲ ಹುಮನಾಬಾದಿನಲ್ಲಿ. ನೀಲಮ್ಮನ ತವರು ಶರಣರ ಕಲ್ಯಾಣ. ಎರಡು ಊರಿನ ನಡುವೆ ಗಾಡಿ ದಾರಿ, ಗಾಡಿ ದಾರಿಗೆ ಅಡ್ಡಲಾಗಿ ಒಂದು ಹಳ್ಳ. ಬೇಸಿಗೆಯಲ್ಲಿ ಅದರಲ್ಲಿ ಕುರಿಗಳು ಮಲಗುತ್ತವೆ. ಅಷ್ಟು ಸಾಧು.

ನಮ್ಮ ಎರಡೂ ಮನೆತನಗಳಲ್ಲಿ ಒಂದು ರಿವಾಜು ಇದೆ. ಚೊಚ್ಚಲ ಬಸುರಿಯನ್ನು ಗಂಡನಾದವನು ತವರಿಗೆ ಒಯ್ದು ಮುಟ್ಟಿಸುವಂತಿಲ್ಲ. ಅವನು ಹಳ್ಳದ ಈ ದಂಡೆಯವರೆಗೆ ಕರೆತರಬೇಕು. ತಾಯಿ ಆ ದಂಡೆಯಿಂದ ಇಳಿದು ಬರಬೇಕು. ಹಳ್ಳದ ನಡುವೆ ನಿಂತು ಮಗಳ ಉಡಿ ತುಂಬಿ, ಕೈ ಹಿಡಿದು, ಹಿಂದಿರುಗಿ ನೋಡದೆ ಕರೆದೊಯ್ಯಬೇಕು. ಯಾಕೆ ಹೀಗೆ ಎಂದು ಕೇಳಬೇಡಿ. ನಾನು ಕೇಳಿದ್ದೆ. "ಹಿಂದಿನವ್ರು ಮಾಡ್ಕೋತ ಬಂದಾರ, ನೀ ಮುಂದ ನಡಿ" ಎಂದರು ಅವ್ವ.

ಸರಿ, ನಡೆದೆ. ಆದರೆ ಯಾವಾಗ ನಡೆಯಬೇಕು?

ಅಲ್ಲಿಯೇ ನೋಡಿ ನಾನು ಎಡವಿದ್ದು. ನಾನೊಬ್ಬನೇ ಅಲ್ಲ, ನನ್ನ ಅಂಗಡಿ ಕಟ್ಟೆಯ ಮೇಲೆ ಹರಟೆಗೆ ಕೂಡುವ ಇಡೀ ಗುಂಪು ಎಡವಿತು.

ಈ ವರ್ಷ ಮಿರಗದ ಮಳೆ ಮೋಸ ಮಾಡಿತು. ಅರಿದ್ರಾ ಮಳೆ ಮುಖ ತೋರಿಸಿ ಹೋಯಿತು. ಕಲ್ಯಾಣದ ಕಡೆಯ ಕರಿ ಮಣ್ಣಿನ ಎರೆ ಹೊಲಗಳು ಬಿರುಕು ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ಆಮೇಲೆ ಪುಷ್ಯ ಮಳೆ ಬಂತು ನೋಡಿ, ಅಬ್ಬಾ! ನಮ್ಮ ಅಂಗಡಿಯ ತಗಡು ಹಾರಿತು. ಬಜಾರದಲ್ಲಿ ಚಪ್ಪಲಿಗಳು ತೇಲಿದವು. ನಮ್ಮ ಊರ ಮಗ್ಗುಲಿನ ಇನ್ನೊಂದು ಹಳ್ಳ ಧಡಧಡ ಬಂದು, ಯಾರದೋ ಎಮ್ಮೆ ಕಟ್ಟುವ ಗೂಟವನ್ನೇ ಕಿತ್ತುಕೊಂಡು ಹೋಯಿತು. (ಎಮ್ಮೆ ಬುದ್ಧಿವಂತೆ, ಮೊದಲೇ ಹಗ್ಗ ಹರಿದುಕೊಂಡಿತ್ತು.)

ಆಗ ನೀಲಮ್ಮನಿಗೆ ಏಳು ತಿಂಗಳು. ಸೀಮಂತದ ಕುಬಸ ಮುಗಿದಿತ್ತು. ಆ ಮಳೆಯಲ್ಲೇ ಕಲ್ಯಾಣದಿಂದ ಅತ್ತೆಯವರ ಮಾತು ಬಂತು. ತಂದವನು ನಮ್ಮ ಇಮಾಮಸಾಬ.

ಇಮಾಮಸಾಬನಿಗೆ ಒಂದು ಗಾಡಿ, ಎರಡು ಎತ್ತು, ಸಾವಿರ ಮಾತು. ಹುಮನಾಬಾದಿನ ಮಾಲು ಕಲ್ಯಾಣಕ್ಕೆ, ಕಲ್ಯಾಣದ ಮಾತು ಹುಮನಾಬಾದಿಗೆ ಸಾಗಿಸುವುದು ಅವನ ಕಸುಬು. ನಾವಿಬ್ಬರೂ ಒಂದೇ ಓಣಿಯಲ್ಲಿ ಗೋಲಿ ಆಡಿ ಬೆಳೆದವರು.

"ಮಾಲಕ್, ನಿಮ್ಮ ಅತ್ತಿ ಹೇಳ್ಯಾರ. ಮಗಳನ್ನ ಈಗಲೇ ಹಳ್ಳದ ತನಕ ತಂದು ಬಿಡ್ರಿ ಅಂತ. ತಡ ಮಾಡಬ್ಯಾಡ್ರಿ ಅಂತ."

"ಈ ಮಳ್ಯಾಗ? ಕಲ್ಯಾಣದ ದಾರಿ ಹಳ್ಳ ಹ್ಯಾಂಗ ಅದ?"

"ಹಳ್ಳ ಎಲ್ಲಿ ಅದರಿ? ನನ್ನ ಎತ್ತಿನ ಗೊರಸು ತೋದಿಲ್ಲ."

ಕಟ್ಟೆಯ ಮೇಲೆ ಮೀಟಿಂಗ್ ಸೇರಿತು. ನಮ್ಮ ಅಂಗಡಿ ಕಟ್ಟೆಗೆ ತಿಳಿಯದ ವಿಷಯ ಈ ಭೂಮಿಯ ಮೇಲೆ ಇಲ್ಲ. ಹೋದ ವರ್ಷ ಈ ಹೊತ್ತಿಗೆ, ಆ ಗಲಭೆಯ ದಿನಗಳಲ್ಲಿ, ಮಳೆಯ ಮಾತಾಡುವ ಬಾಯಿ ಯಾರಿಗಿತ್ತು? ಎಷ್ಟೋ ಮನೆಗಳ ಬಾಗಿಲು ಮುಚ್ಚಿದ್ದವು, ಕೆಲವು ಇನ್ನೂ ತೆರೆದಿಲ್ಲ. ಈ ವರ್ಷ ಕಟ್ಟೆಯ ಮೇಲೆ ಕೂತು ಹಳ್ಳ ಬರುತ್ತದೋ ಇಲ್ಲವೋ ಎಂದು ಜಗಳವಾಡುತ್ತೇವೆ. ಅದೇ ದೊಡ್ಡ ಭಾಗ್ಯ ಅಂದುಕೊಂಡು ಮನಸಾರೆ ಜಗಳವಾಡಿದೆವು.

ಕಟ್ಟೆಯ ತೀರ್ಪು ಹೀಗಿತ್ತು: ಇಷ್ಟು ದೊಡ್ಡ ಮಳೆ ಬಿದ್ದ ಮೇಲೆ ಹಳ್ಳ ಬರದೆ ಎಲ್ಲಿಗೆ ಹೋದೀತು? ಇವತ್ತು ಬಂದಿಲ್ಲ ಎಂದರೆ ನಾಳೆ ಬರುತ್ತದೆ. ಬಸುರಿಯನ್ನು ಹೊರಡಿಸುವ ಹೊತ್ತು ಇದಲ್ಲ. ಮಳೆ ಸಣ್ಣದಾಗಲಿ. ಮಳೆ ಸಣ್ಣದಾದರೆ ಹಳ್ಳವೂ ಸಣ್ಣದಾಗುತ್ತದೆ. ಇನ್ನೆರಡು ತಿಂಗಳಿಗೆ, ಉತ್ತರಾ ಮಳೆಯ ಹೊತ್ತಿಗೆ, ನೆಮ್ಮದಿಯಾಗಿ ಹೋಗಬಹುದು.

ಎಷ್ಟು ಸೊಗಸಾದ ತರ್ಕ, ಅಲ್ಲವೇ? ನಾನು ತಲೆಯಾಡಿಸಿದೆ. ಇಮಾಮಸಾಬನೂ ತಲೆಯಾಡಿಸಿದ, ಒಣ ಹಳ್ಳ ದಾಟಿ ಬಂದವನು! ಕಣ್ಣಿಗಿಂತ ಕಟ್ಟೆಯ ಮೇಲೆ ನಮಗೆ ನಂಬಿಕೆ ಹೆಚ್ಚು.

ಒಬ್ಬಳು ಮಾತ್ರ ತಲೆಯಾಡಿಸಲಿಲ್ಲ. ನೀಲಮ್ಮ ಆ ದಿನ ರೊಟ್ಟಿ ಬಡಿಯುವ ಸದ್ದಿನಲ್ಲೇ ನನಗೆ ಎಲ್ಲ ತಿಳಿಯಿತು.

"ನಾ ಮಳಿಗಿ ಅಂಜೂದಿಲ್ರಿ," ಎಂದಳು ಕೊನೆಗೆ. "ಹಡ್ಯೂ ಮುಂದ ನಮ್ಮವ್ವ ಇರಬೇಕು. ಅಷ್ಟಽ. ಮತ್ತೇನೂ ಬ್ಯಾಡ ನನಗ."

ಅವಳಿಗೆ ಬೇಕಾದದ್ದು ಅಷ್ಟೇ. ಇಡೀ ಬಸುರಿನಲ್ಲಿ ಅವಳು ನನ್ನನ್ನು ಹುಣಸೆಕಾಯಿ ಕೇಳಲಿಲ್ಲ, ಸೀರೆ ಕೇಳಲಿಲ್ಲ. (ಬಟ್ಟೆ ಅಂಗಡಿಯವನ ಹೆಂಡತಿ ಸೀರೆ ಕೇಳದಿರುವುದು ಎಂಥ ದೊಡ್ಡತನ!) ಹೆರುವಾಗ ತಾಯಿ ಹತ್ತಿರ ಇರಬೇಕು ಎಂದಷ್ಟೇ ಕೇಳಿದಳು. ನಾನು "ಉತ್ತರಾ ಮಳಿಗಿ ನಕ್ಕೀ" ಎಂದು ಮಾತು ಕೊಟ್ಟೆ.

ಬಸ್ಸಿನಲ್ಲಿ ಕಳಿಸಬಾರದಾಗಿತ್ತೇ ಎಂದು ನೀವು ಕೇಳಬಹುದು. ಸರಕಾರಿ ರಸ್ತೆಗೆ ಎತ್ತರದ ಸೇತುವೆ ಇದೆ, ದಿನಾ ಬಸ್ಸು ಓಡುತ್ತದೆ. ಆ ಮಾತು ನಾನೂ ಎತ್ತಿದ್ದೆ. ಅವ್ವ ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕು. ಆ ಬಸ್ಸು ಕುಲುಕುವ ಕುಲುಕಾಟಕ್ಕೆ ಬಸುರಿಲ್ಲದವರೇ ಹೆರುತ್ತಾರೆ ಎಂಬುದು ಅವರ ಅಭಿಪ್ರಾಯ.

ಹೀಗೆ ಮಳೆ ಸಣ್ಣದಾಗಲಿ ಎಂದು ಕಾದೆವು. ಅದು ಸಣ್ಣದಾಯಿತು. ಆಶ್ಲೇಷದಲ್ಲಿ ಸೋನೆ, ಮಘೆಯಲ್ಲಿ ಸೋನೆ, ಹುಬ್ಬೆಯಲ್ಲಿ ಸೋನೆ. ಒಂದು ದಿನವೂ ಜೋರಾಗಿ ಬೀಳಲಿಲ್ಲ, ಒಂದು ದಿನವೂ ನೆಟ್ಟಗೆ ಬಿಸಿಲು ಬರಲಿಲ್ಲ. ನನ್ನ ಅಂಗಡಿಯ ತೆಳ್ಳನೆಯ ಮಲ್ಲು ಬಟ್ಟೆಗೆಲ್ಲ ಬೂಷ್ಟು ಹಿಡಿಯಿತು. ಕಟ್ಟೆಯವರು ಮೀಸೆ ತಿರುವಿದರು. "ನೋಡ್ರಿ, ಮಳಿ ಸೊಕ್ಕು ಇಳದದ. ಈಗ ಹೋಗ್ರಿ."

ಕಳೆದ ಗುರುವಾರ ಹೊರಟೆವು. ಹಿಂದಿನ ದಿನ ಒಂದು ಜಡಿ ಮಳೆ ಬಿದ್ದಿತ್ತು. ಅದು ಎಂಥ ಮಳೆ? ನಮ್ಮ ಸೂರಿನ ಕೆಳಗಿಟ್ಟ ಹಂಡೆ ಅರ್ಧವೂ ತುಂಬಿರಲಿಲ್ಲ. ಬೆಳಿಗ್ಗೆ ಮೋಡದ ಸಂದಿಯಲ್ಲಿ ಸೂರ್ಯ ಕೂಡ ಇಣುಕಿದ. ಗಾಡಿಗೆ ಹುಲ್ಲು ಹಾಸಿ, ಹುಲ್ಲಿನ ಮೇಲೆ ಕೌದಿ ಹಾಸಿ, ಕೌದಿಯ ಮೇಲೆ ನೀಲಮ್ಮನನ್ನು ಕೂರಿಸಿದೆವು. ತುಂಬು ಗರ್ಭಿಣಿ. ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ. ಅವ್ವ ಗರಿಗರಿ ಒಣಗಿದ ಕಟಕ ರೊಟ್ಟಿ, ಪುಂಡಿಪಲ್ಯ, ಒಂದು ಗಡಿಗೆ ಬ್ಯಾಳಿ ಸಾರು ಕಟ್ಟಿಕೊಟ್ಟರು. ಇಮಾಮಸಾಬ ಹಾಡುತ್ತ ಹೊಡೆದ. ಎತ್ತುಗಳಿಗೂ ಹಬ್ಬದ ಹುರುಪು.

ಹಳ್ಳ ಕಾಣುವ ಮೊದಲೇ ಕೇಳಿಸಿತು.

"ಇಮಾಮ, ಅದೇನು ಸಪ್ಪಳ? ಹಿಟ್ಟಿನ ಗಿರಣಿ ಹಾಕ್ಯಾರೇನು ಇಲ್ಲಿ?"

"ಗಿರಣಿ ಇಲ್ರಿ ಮಾಲಕ್," ಎಂದ ಅವನು. ಹಾಡು ನಿಂತಿತ್ತು. "ಹಳ್ಳ ಬಂದದ."

ಬಂದಿತ್ತು! ಕರಿ ಮಣ್ಣು ಕಲಸಿಕೊಂಡ ನೀರು ದಂಡೆಯಿಂದ ದಂಡೆಗೆ ಮೈ ಚಾಚಿ ಹರಿಯುತ್ತಿತ್ತು. ಜಾಲಿ ಮರವೊಂದು ಬೇರು ಮೇಲೆ ಮಾಡಿಕೊಂಡು ನಮ್ಮ ಮುಂದೆಯೇ ಸಾಗಿಹೋಯಿತು. ಹಿಂದೆ ಒಂದು ಬುಟ್ಟಿ. ಅದರ ಹಿಂದೆ ಇನ್ನೊಂದು ಮರ. ಮೇಲೆ ಆಕಾಶದಲ್ಲಿ ಏನಿದೆ? ಏನೂ ಇಲ್ಲ. ಹಿಟ್ಟು ಜರಡಿ ಹಿಡಿದಂಥ ತುಂತುರು.

ಆ ದಂಡೆಯಲ್ಲಿ ಒಂದು ಗಾಡಿ ನಿಂತಿತ್ತು. ಗಾಡಿಯ ಮುಂದೆ ಹಸಿರು ಸೀರೆಯ ಗಂಟು ಎದೆಗೊತ್ತಿಕೊಂಡು ಅತ್ತೆಯವರು.

"ಅವ್ವಾ!" ಎಂದು ನೀಲಮ್ಮ ಕೂಗಿದಳು.

"ಮಗಳಽ!" ಎಂದು ಅವರು ಕೂಗಿದರು.

ನನ್ನನ್ನು ಯಾರೂ ಕೂಗಲಿಲ್ಲ.

ಅಲ್ಲಿ ದಂಡೆಗಳು ಹತ್ತಿರ ಬರುತ್ತವೆ. ಗಂಟಲು ಹರಿದುಕೊಂಡರೆ ಮಾತು ದಾಟುತ್ತದೆ. ಮನುಷ್ಯ ದಾಟುವುದಿಲ್ಲ. ಇಳಿದೀತು ಎಂದು ಕಾದೆವು. ಇಮಾಮಸಾಬ ನೀರಿನ ಅಂಚಿಗೆ ಒಂದು ಕಲ್ಲಿಟ್ಟ. ಕಲ್ಲು ಮುಳುಗಿತು. ಇನ್ನೊಂದು ಇಟ್ಟ. ಅದೂ ಮುಳುಗಿತು. "ಕಲ್ಲು ಇಡೂದು ಬಿಡ್ರಿ," ಎಂದಳು ನೀಲಮ್ಮ. "ಅದಕ ರುಚಿ ಹತ್ಯಾದ."

ಬಸುರಿಯನ್ನು ಉಪವಾಸ ಕೂರಿಸುವುದುಂಟೇ? ದಂಡೆಯ ಮೇಲೆಯೇ ಬುತ್ತಿ ಬಿಚ್ಚಿದೆವು. ಆ ದಂಡೆಯಲ್ಲಿ ಅವರೂ ಬಿಚ್ಚಿದರು. ನಾನು ಪ್ಲೇಟಿನಲ್ಲಿ ಕಟಕ ರೊಟ್ಟಿ ಮುರಿದು ಹಾಕಿದೆ. ನೀಲಮ್ಮ ಮೇಲೆ ಒಂದು ಸೌಟು ಬ್ಯಾಳಿ ಸುರಿದಳು. ಎಲ್ಲಿ ಹೋಯಿತು? ರೊಟ್ಟಿ ಕುಡಿದುಬಿಟ್ಟಿತು. ಇನ್ನೊಂದು ಸೌಟು. ಅದನ್ನೂ ಕುಡಿಯಿತು. ನಾನು ಹಳ್ಳ ನೋಡುತ್ತ ಬೆಪ್ಪಾಗಿ ಕೂತಿದ್ದೆ, ರೊಟ್ಟಿ ಮೆತ್ತಗಾಗಿ ಉಬ್ಬಿತು. ಅವಳು ಇನ್ನೊಂದಿಷ್ಟೇ ಇಷ್ಟು, ಸೌಟಿನ ತುದಿಯಲ್ಲಿ ಉಳಿದದ್ದನ್ನು ಚೆಲ್ಲಿದಳು, ನೋಡಿ. ಬ್ಯಾಳಿ ಪ್ಲೇಟಿನ ಅಂಚು ದಾಟಿ ನನ್ನ ಧೋತರದ ಮೇಲೆ ಹರಿಯಿತು.

ನಾನು ಎದ್ದು ನಿಂತೆ.

"ನೀಲಾ! ತಿಳೀತು!"

"ಏನು ತಿಳೀತ್ರಿ? ಧೋತರ ಹೊಲಸಾತು, ಅಷ್ಟಽ."

"ಪುಷ್ಯದಾಗ ಅಂಥಾ ಮಳಿ ಬಿತ್ತಲ್ಲ, ನೀರು ಎಲ್ಲಿ ಹೋತು ಅಂದಿದ್ರು ಕಟ್ಟಿ ಮ್ಯಾಲಿನವ್ರು. ಭೂಮಿ ಕುಡೀತು!"

ಇಮಾಮಸಾಬ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. ಆಮೇಲೆ ಅವನೂ ಎದ್ದು ನಿಂತ. "ಅರೇ ಮಾಲಕ್! ಬ್ಯಾಸಗ್ಯಾಗ ಇದೇ ಎರಿ ಹೊಲದಾಗ ನನ್ನ ಬಾರುಕೋಲು ಬಿರುಕಿನಾಗ ಬಿದ್ದು ಹೋತು. ಮೊಳಕೈ ತನಕ ಕೈ ಹಾಕಿದ್ರೂ ಸಿಗಲಿಲ್ಲ. ಈಗ ಆ ಬಿರುಕಽ ಇಲ್ರಿ! ಬಾಯಿ ಮುಚ್ಯಾದ!"

ಎಂಥ ಗಳಿಗೆ ಅದು! ನಾನು, ಇಮಾಮಸಾಬ, ಕೈಯೆಲ್ಲ ಬ್ಯಾಳಿ, ದಂಡೆಯ ಮೇಲೆ ಕುಣಿಯುವುದೊಂದು ಬಾಕಿ. ನಮ್ಮ ಹುಮನಾಬಾದಿನ ಮಗ್ಗುಲಲ್ಲಿ ಗೇಣುದ್ದ ಕೆಂಪು ಮಣ್ಣು, ಕೆಳಗೆ ಕಲ್ಲು. ಅದರ ಹೊಟ್ಟೆ ಬೇಗ ತುಂಬುತ್ತದೆ. ದೊಡ್ಡ ಮಳೆ ಬಿದ್ದ ದಿನವೇ ನಮ್ಮ ಹಳ್ಳ ಬರುತ್ತದೆ. ಈ ಕಡೆಯದು ಎರೆ. ಅದರ ಹಸಿವು ದೊಡ್ಡದು, ಬಾಯಿಯೂ ದೊಡ್ಡದು. ಪುಷ್ಯದ ಮಳೆಯನ್ನೆಲ್ಲ ಅದು ಗುಟುಕರಿಸಿತು. ಆಮೇಲೆ ತಿಂಗಳುಗಟ್ಟಲೆ ಸೋನೆ ಅದಕ್ಕೆ ಒಣಗಲು ಬಿಡುವನ್ನೇ ಕೊಡಲಿಲ್ಲ. ಬಿರುಕು ಮುಚ್ಚಿತು, ಹೊಟ್ಟೆ ಬಿರಿಯಿತು. ಈಗ ಬಿದ್ದ ಪ್ರತಿ ಹನಿಯೂ ನೇರ ಹಳ್ಳಕ್ಕೆ. ನಾವು ಆಕಾಶ ನೋಡುತ್ತ ಕೂತೆವು. ನೋಡಬೇಕಾದದ್ದು ಕಾಲ ಕೆಳಗೆ!

ಹನಿ ಹನಿ ಕೂಡಿದರೆ ಹಳ್ಳ ಎಂದು ನಮ್ಮ ಹಿರಿಯರು ಹೇಳಿದರು. ಮೊದಲಿನ ಹನಿಗಳನ್ನೆಲ್ಲ ಯಾರು ತಿಂದರು ಎಂದು ನಾವು ಕೇಳಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂದೂ ಹೇಳಿದರು. ಆ ಗಾದೆ ಮಾಡಿದವರು ಉತ್ತರಾ ಮಳೆಯಲ್ಲಿ ಈ ಹಳ್ಳದ ದಂಡೆಗೆ ಬಂದಿರಲಿಲ್ಲ, ಅಷ್ಟೇ.

ನಾನು ಈ ಥಿಯರಿಯನ್ನು ಆ ದಂಡೆಗೂ ಕೂಗಿ ಮುಟ್ಟಿಸಿದೆ. ಒಂದೊಂದೇ ತುಂಡು ಮಾಡಿ ಕೂಗಬೇಕು. "ಭೂಮಿ! ತುಂಬ್ಯಾದ್ರಿ! ಅದಕ! ಹನಿ ಬಿದ್ರೂ! ಹಳ್ಳ!"

ಅತ್ತೆಯವರು ಕಿವಿಗೆ ಕೈ ಕೊಟ್ಟು ಪೂರ್ತಿ ಕೇಳಿದರು.

"ಹಂಗಂದ್ರ ಪುಷ್ಯದಾಗ ದಾಟಬಹುದಿತ್ತಲ್ರಿ!" ಎಂದು ಕೂಗಿದರು.

"ಹೌದ್ರಿ! ನಿಮಗ ಮೊದಲಽ ಗೊತ್ತಿತ್ತೇನು? ಅದಕಽ ಹೇಳಿ ಕಳಸಿದ್ರೇನು?"

"ನನಗೇನು ಗೊತ್ತು ಮಣ್ಣು! ನನಗ ಮಗಳು ಬೇಕಾಗಿದ್ಲು!"

ನಾನು ಕೂತುಕೊಂಡೆ.

ಆಮೇಲೆ ಅವರು ತಡೆಯಲಿಲ್ಲ. ನೀರಿನ ನಡುವೆ ನಿಂತು ಉಡಿ ತುಂಬಲಾಗದಿದ್ದರೆ ನೀರಿನ ಮೇಲಿಂದ ತುಂಬುತ್ತೇನೆ ಎಂದು ಸೀರೆ ಸಿಕ್ಕಿಸಿ ನಿಂತರು. ಮೊದಲು ಒಂದು ಉತ್ತತ್ತಿ ಬಂತು, ಹಳ್ಳಕ್ಕೆ ಬಿತ್ತು. ಅಡಿಕೆ ಬಂತು, ಎತ್ತಿನ ಕೋಡಿಗೆ ತಾಗಿತು. ಅರಿಶಿನದ ಕೊಂಬು ದಾಟಿತು. ನೀಲಮ್ಮ ಸೆರಗು ಒಡ್ಡಿ ಓಡಾಡುತ್ತಿದ್ದಳು, ನಾನು "ಓಡಬ್ಯಾಡ, ಓಡಬ್ಯಾಡ" ಎಂದು ಅವಳ ಹಿಂದೆ. ಆಗ ಬಂತು ನೋಡಿ ಆ ಶೇಂಗಾ ಉಂಡಿ.

ಟಪ್!

ನೀಲಮ್ಮ ನಕ್ಕಳು. ಇಮಾಮಸಾಬ ನಕ್ಕ. ಆ ದಂಡೆಯ ಗಾಡಿಯವನೂ ನಕ್ಕದ್ದು ನನಗೆ ಕಾಣಿಸಿತು. ನೀಲಮ್ಮ ನಕ್ಕು ನಕ್ಕು ಗಾಡಿಯ ಗಾಲಿಗೆ ಆತುಕೊಂಡಳು. ಒಮ್ಮೆಲೇ ನಗು ನಿಂತಿತು. ಅವಳು ಹೊಟ್ಟೆ ಹಿಡಿದುಕೊಂಡು ಗಾಲಿಯ ಕೀಲನ್ನು ಗಟ್ಟಿಯಾಗಿ ಅಮುಕಿದಳು.

"ಏನಾತು?"

"ಬ್ಯಾನಿ," ಎಂದಳು.

ಇನ್ನೂ ದಿನ ಇದ್ದವು ಎಂದು ಅವ್ವ ಲೆಕ್ಕ ಹಾಕಿದ್ದರು. ನಮ್ಮ ಮನೆಯ ಲೆಕ್ಕಗಳೆಲ್ಲ ಹೀಗೆಯೇ. ಥಿಯರಿ ಗೀಯರಿ ಎಲ್ಲ ಹಳ್ಳದಲ್ಲಿ ಹೋಯಿತು.

"ಬ್ಯಾನಿ ಸುರು ಆಗ್ಯಾವ್ರಿ!" ಎಂದು ಆ ದಂಡೆಗೆ ಕೂಗಿದೆ.

ಅತ್ತೆಯವರ ಕೈಯಲ್ಲಿದ್ದ ಗಂಟು ಬಿತ್ತು. ಅವರು ನೀರಿಗೆ ಇಳಿದೇಬಿಟ್ಟರು. ಪಾದ, ಮೊಣಕಾಲು. ಗಾಡಿಯವನು ಓಡಿಬಂದು ಅವರ ರಟ್ಟೆ ಹಿಡಿದು ಜಗ್ಗಿದ. ನಾನು "ಬ್ಯಾಡ್ರಿ, ಬ್ಯಾಡ್ರಿ" ಎಂದು ಎರಡೂ ಕೈ ಬೀಸಿದೆ. ನೀಲಮ್ಮ ಕಣ್ಣು ಮುಚ್ಚಿಕೊಂಡಳು. ಆ ಒಂದು ಗಳಿಗೆ ನನಗೆ ನಿಜವಾಗಿ ಭಯವಾಯಿತು. ಅಷ್ಟು ಭಯ ನನಗೆ ಹೋದ ವರ್ಷದ ಗಲಭೆಯಲ್ಲೂ ಆಗಿರಲಿಲ್ಲ.

ಅತ್ತೆಯವರು ನಿಂತರು. ಮಗಳನ್ನು ಒಮ್ಮೆ ನೋಡಿದರು. ತಿರುಗಿ ದಂಡೆ ಹತ್ತಿ, ಗಂಟು ಎತ್ತಿಕೊಂಡು, ಗಾಡಿಯಲ್ಲಿ ಕೂತರು. ಗಾಡಿ ಕಲ್ಯಾಣದ ಕಡೆ ಹೊರಟುಹೋಯಿತು.

"ನಮ್ಮವ್ವ ಹೊಂಟೇ ಹೋದ್ಲು," ಎಂದಳು ನೀಲಮ್ಮ. ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

ಹಿಂದಿರುಗುವ ದಾರಿಯನ್ನು ನಾನು ಬರೆಯುವುದಿಲ್ಲ. ಗಾಡಿ ಮೆಲ್ಲಗೆ ಹೋಗಬೇಕು, ಕುಲುಕಬಾರದು. ಗಾಡಿ ಬೇಗ ಹೋಗಬೇಕು, ತಡವಾಗಬಾರದು. ಇಮಾಮಸಾಬ ಕೆಳಗಿಳಿದು ಎತ್ತುಗಳ ಮುಂದೆ ನಡೆಯುತ್ತ ದಾರಿಯ ಕಲ್ಲುಗಳನ್ನು ಕಾಲಿನಿಂದ ಸರಿಸಿದ, ಅಷ್ಟೂ ದಾರಿ. ನೋವು ಬಂದಾಗ ನೀಲಮ್ಮ ನನ್ನ ಕೈ ಹಿಂಡುತ್ತಿದ್ದಳು. ನೋವು ಹೋದಾಗ ಬಿಡುತ್ತಿದ್ದಳು. ಅವಳು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದಕ್ಕೇ ನನಗೆ ಅಳು ಬಂತು.

ದೀಪ ಹಚ್ಚುವ ಹೊತ್ತಿಗೆ ನಮ್ಮ ಓಣಿ ಹೊಕ್ಕೆವು. ನಮ್ಮ ಮನೆಯ ಕಟ್ಟೆಯ ಮೇಲೆ ಮೂವರು ಕೂತಿದ್ದರು. ಇಬ್ಬರು ಅಪರಿಚಿತ ಗಂಡಸರು, ಚಹಾ ಕುಡಿಯುತ್ತಿದ್ದರು. ನಡುವೆ ಹಸಿರು ಸೀರೆಯ ಗಂಟು ತೊಡೆಯ ಮೇಲಿಟ್ಟುಕೊಂಡು...

"ಎಷ್ಟು ಹೊತ್ರಿ ಬರಾಕ?" ಎಂದರು ಅತ್ತೆಯವರು.

ನೀಲಮ್ಮ "ಅವ್ವಾ" ಎಂದಳು ನೋಡಿ. ಹಳ್ಳದ ದಂಡೆಯಲ್ಲಿ ಕೂಗಿದ ಹಾಗಲ್ಲ. ಮೆಲ್ಲಗೆ, ಬಾಯೊಳಗೇ. ಆ ಒಂದು ಶಬ್ದಕ್ಕೆ ನಾನು ಇಡೀ ಅಂಗಡಿ ಬರೆದುಕೊಡುತ್ತಿದ್ದೆ.

ಆದದ್ದು ಇಷ್ಟು. ಅತ್ತೆಯವರು ಗಾಡಿ ಹೊಡೆಸಿದ್ದು ಮನೆಗಲ್ಲ, ಸರಕಾರಿ ರಸ್ತೆಗೆ. ಜನ್ಮದಲ್ಲಿ ಬಸ್ಸು ಹತ್ತದ ಹೆಂಗಸು ರಸ್ತೆಯ ನಡುವೆ ನಿಂತು ಬಸ್ಸಿಗೆ ಅಡ್ಡ ಕೈ ಹಾಕಿದರಂತೆ. ಹತ್ತಿದವರೇ ಡ್ರೈವರನ ಕಿವಿಯ ಹತ್ತಿರ ಹೋಗಿ, "ಮಗನ, ನನ್ನ ಮಗಳು ಹಡ್ಯಾಕತ್ತಾಳ, ಎಲ್ಲೂ ನಿಲ್ಲಸಬ್ಯಾಡ" ಎಂದರಂತೆ. ಆ ಪುಣ್ಯಾತ್ಮ ನಿಲ್ಲಿಸಲಿಲ್ಲ! ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಇಬ್ಬರು ನಡುದಾರಿಯ ರಾಜೇಶ್ವರದಲ್ಲಿ ಇಳಿಯಬೇಕಾದವರು. ಹೆರಿಗೆಯ ಸುದ್ದಿ ತಿಳಿದುಕೊಂಡೇ ಊರಿಗೆ ಹೋಗುವುದಾಗಿ ಹಟ ಹಿಡಿದಿದ್ದರು.

ಸೂಲಗಿತ್ತಿ ಬಂದಳು, ಒಳಕೋಣೆಯ ಬಾಗಿಲು ಮುಚ್ಚಿತು. ಇನ್ನೇನು ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಇನ್ನೊಂದು ರಿವಾಜು ಎದ್ದು ಕೂತಿತು. ಮಗಳಿಗೆ ಮಗು ಆಗುವವರೆಗೆ ತಾಯಿ ಮಗಳ ಮನೆಯ ನೀರು ಮುಟ್ಟಬಾರದು!

ಅತ್ತೆಯವರು ಹಳ್ಳದ ದಂಡೆಯಲ್ಲಿ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡವರು. ಬಸ್ಸಿನ ಧೂಳು... ಅಲ್ಲ, ಕೆಸರು. ಅವ್ವ ತಂಬಿಗೆ ಹಿಡಿದು ನಿಂತರು.

"ಒಂದು ಗುಟುಕು ಕುಡೀರಿ ಬೀಗತಿ. ಯಾರು ನೋಡ್ತಾರ?"

"ನಾ ನೋಡ್ತೀನಲ್ರಿ," ಎಂದರು ಅತ್ತೆಯವರು.

ನಮ್ಮ ಅವ್ವ ಸಾಮಾನ್ಯ ವಕೀಲರಲ್ಲ. ಮಳೆಯ ನೀರು ಯಾರ ಮನೆಯದೂ ಅಲ್ಲ ಎಂದು ಪಾಯಿಂಟು ಎತ್ತಿದರು. ಸೂರಿನಿಂದ ಬಿದ್ದದ್ದು ಮನೆಯ ನೀರು, ಅದು ನಡೆಯದು ಎಂದರು ಅತ್ತೆಯವರು. ಹಾಗಾದರೆ ಅಂಗಳದ ನಡುವೆ, ನೇರ ಆಕಾಶದ್ದು? ಅದು ನಡೆದೀತು. ಇಬ್ಬರೂ ಬೀಗತಿಯರು ಅಂಗಳಕ್ಕೆ ಇಳಿದರು. ಅತ್ತೆಯವರು ಬೊಗಸೆ ಒಡ್ಡಿ ನಿಂತರು. ಮೇಲಿನಿಂದ ಅದೇ ತುಂತುರು. ನಿಂತರು, ನಿಂತರು, ಸೀರೆಯೆಲ್ಲ ತೊಯ್ದಿತು. ಬೊಗಸೆಯಲ್ಲಿ ಏನಿದೆ ಎಂದು ನೋಡಿದರೆ ಒದ್ದೆಯ ಗುರುತು.

ಅಷ್ಟು ದೊಡ್ಡ ಹಳ್ಳ ತುಂಬಿಸಿದ ಮಳೆಗೆ ಒಬ್ಬ ತಾಯಿಯ ಬೊಗಸೆ ತುಂಬಿಸಲು ಆಗಲಿಲ್ಲ!

ರಾತ್ರಿಯ ವಿಷಯ ನನಗೆ ಗೊತ್ತಿಲ್ಲ. ಗಂಡಸರಿಗೆ ಆ ಹೊತ್ತಿನಲ್ಲಿ ಕಟ್ಟೆಯ ಮೇಲೆ ಕೂತು ಕೆಮ್ಮುವುದು ಬಿಟ್ಟರೆ ಏನು ಕೆಲಸ? ನಾನು, ಇಮಾಮಸಾಬ, ರಾಜೇಶ್ವರದ ಇಬ್ಬರು, ನಾಲ್ವರೂ ಸರದಿಯ ಮೇಲೆ ಕೆಮ್ಮಿದೆವು. ಬೆಳಿಗ್ಗೆ ಎಮ್ಮೆ ಹಿಂಡುವ ಹೊತ್ತಿಗೆ ಒಳಗಿನಿಂದ ಒಂದು ಕೂಗು ಬಂತು. ನೀಲಮ್ಮನದಲ್ಲ. ಹೊಸ ಗಂಟಲು.

ಹೆಣ್ಣು ಮಗು. ಇಬ್ಬರೂ ಕ್ಷೇಮ. ಇಮಾಮಸಾಬ ನನ್ನನ್ನು ಎತ್ತಿ ತಿರುಗಿಸಿದ. ನಾನು ರಾಜೇಶ್ವರದವರನ್ನು ತಬ್ಬಿಕೊಂಡೆ. ಅವರ ಹೆಸರೂ ಕೇಳಿರಲಿಲ್ಲ.

ಅತ್ತೆಯವರು ಹೊರಗೆ ಬಂದು ಬಾಗಿಲ ಚೌಕಟ್ಟಿಗೆ ಒರಗಿದರು. ಬಾಯಿ ತೆರೆದರೆ ದನಿಯಿಲ್ಲ. ಕೈ ಸನ್ನೆ ಮಾಡಿದರು. ಅವ್ವ ಓಡಿದರು. ಒಂದು ತಂಬಿಗೆ ನೀರು, ಗಟಗಟ. ಇನ್ನೊಂದು. ಮತ್ತೊಂದು. ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ, ಪುಷ್ಯದ ಮಳೆ ಎರೆ ಹೊಲಕ್ಕೆ ಬಿದ್ದ ಹಾಗೆ. ಕೊನೆಯ ತಂಬಿಗೆಗೆ ಮಾತ್ರ ಅವರ ಕಣ್ಣಿನಿಂದ ನೀರು ಇಳಿಯಿತು.

ಈಗ ಒಂದು ವಾರವಾಯಿತು. ಬಿಸಿಲು ಬಿದ್ದಿದೆ. ಕಲ್ಯಾಣದಿಂದ ಬಂದ ಇಮಾಮಸಾಬ ಹಳ್ಳ ಇಳಿದ ಸುದ್ದಿ ತಂದ. ನಿನ್ನೆ ಅತ್ತೆಯವರು ಮಗುವಿಗೆ ಎಣ್ಣೆ ತಿಕ್ಕುತ್ತಿದ್ದರು. ನಾನು ಸುಮ್ಮನೆ ಮಾತಿಗೆಂದು ಹೇಳಿದೆ (ಸತ್ಯವಾಗಿಯೂ ಮನಸ್ಸಿನಲ್ಲಿ ಏನೂ ಇರಲಿಲ್ಲ).

"ಹಳ್ಳ ಇಳದದಂತ್ರಿ, ಅತ್ತೆವ್ವ."

"ಇಳದದ, ಖರೆ," ಎಂದರು ಅವರು, ತಲೆ ಎತ್ತದೆ. "ಆದರ ಭೂಮಿ ತುಂಬ್ಯಾದಲ್ರಿ ಅಳಿಯಂದ್ರ? ಒಂದು ಹನಿ ಬಿದ್ರ ಮತ್ತ ಬರ್ತದ. ನೀವಽ ಅಲ್ಲೇನು ಹೇಳಿದವ್ರು? ನಾ ಹ್ಯಾಂಗ ದಾಟ್ಲಿ?"

ಬಸ್ಸು, ಸೇತುವೆ ಎಂದೆಲ್ಲ ನನ್ನ ನಾಲಿಗೆಯ ತುದಿಗೆ ಬಂತು. ನುಂಗಿದೆ. ನನ್ನ ಥಿಯರಿಯನ್ನು ಇಷ್ಟು ಭಕ್ತಿಯಿಂದ ನಂಬಿದವರು ಊರಿನಲ್ಲಿ ಇನ್ನೊಬ್ಬರಿಲ್ಲ.

"ಎರಿ ಮಣ್ಣಿನ ಹಸಿ ಯಾವಾಗ ಆರ್ತದ?" ಎಂದು ಕೇಳಿದೆ.

"ಸುಗ್ಗಿ ತನಕ ಆರೂದಿಲ್ರಿ," ಎಂದಳು ಒಳಗಿನಿಂದ ನೀಲಮ್ಮ. "ಬಿಳಿಜ್ವಾಳ ಬೆಳ್ಯೂದಽ ಆ ಹಸಿ ಮ್ಯಾಲೆ." ಹೇಳಿ ನಕ್ಕಳು. ಅವಳು ಹಾಗೆ ಹೊಟ್ಟೆ ತುಂಬ ನಕ್ಕದ್ದನ್ನು ನಾನು ಈ ಮನೆಯಲ್ಲಿ ಮೊದಲ ಸಲ ಕೇಳಿದೆ.

ಈಗ ಹೇಳಿ, ಭೂಮಿ ಬೇಗ ಒಣಗಲಿ ಎಂದು ಬೇಡಿಕೊಳ್ಳುವ ಧೈರ್ಯ ಯಾವ ಗಂಡನಿಗಿದೆ?